ಗಣಿತ ಕಿಟ್ ಮಕ್ಕಳ ಕೈಗೆ: 4 ಮತ್ತು 5ನೇ ತರಗತಿಯಲ್ಲಿ ಬಳಸುವ ಬಗೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ‘ಗಣಿತ ಕಲಿಕಾ ಆಂದೋಲನ’ದಡಿ ಬಂದ ಕಿಟ್ ಈಗ ಹೊಸ ವಸ್ತುವೇನಲ್ಲ. ಶಿಕ್ಷಣ ಇಲಾಖೆ ಮತ್ತು ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಜೊತೆಗೂಡಿ ನಡೆಸುವ ಈ ಕಾರ್ಯಕ್ರಮ 2015ರಲ್ಲಿ ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯದ ಬೇರೆ ಕಡೆಗೂ ಹೋಯಿತು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ವಿಜ್ಞಾನ, ಗಣಿತಕ್ಕೆಂದೇ ರಾಷ್ಟ್ರೀಯ ಆವಿಷ್ಕಾರ ಅಭಿಯಾನ ಆರಂಭಿಸಿತು. 2021ರಲ್ಲಿ ಚಿಕ್ಕ ತರಗತಿಗಳ ಓದು-ಬರಹ, ಲೆಕ್ಕದ ಬುನಾದಿಗಾಗಿ ನಿಪುಣ್ ಭಾರತ್ ಬಂತು. ಮಕ್ಕಳು ಕೈಯಲ್ಲಿ ಮುಟ್ಟಿ, ಮಾಡಿ ಕಲಿಯಬೇಕು ಎನ್ನುವುದನ್ನು ಈ ಎಲ್ಲವೂ ಹೇಳುತ್ತವೆ. ಆದರೆ ಸುತ್ತೋಲೆ ಎಷ್ಟೇ ಬರಲಿ, ಕಿಟ್ ಬೀರುವಿನಲ್ಲಿದ್ದರೆ ಅಥವಾ ಮೇಷ್ಟ್ರ ಕೈಯಲ್ಲೇ ಉಳಿದರೆ ಯಾವ ಮಗುವೂ ಕಲಿಯುವುದಿಲ್ಲ. ಕಿಟ್ ಹೊರಗೆ ಬಂದ ಕಡೆಯೂ ಒಂದು ಕೊರತೆ ಪದೇ ಪದೇ ಕಾಣುತ್ತದೆ: ಮಕ್ಕಳು ಸಾಮಗ್ರಿಯಲ್ಲಿ ಸರಿಯಾಗಿ ಮಾಡುತ್ತಾರೆ, ನೋಟ್‌ಬುಕ್ಕಿನಲ್ಲಿ ಅದೇ ಲೆಕ್ಕ ತಪ್ಪುತ್ತದೆ. ಕೈ ಮಾಡಿದ್ದನ್ನು ಆಗಿಂದಾಗಲೇ ಚಿತ್ರ ಬಿಡಿಸಿ, ಅಂಕಿಯಲ್ಲಿ ಬರೆಯದೇ ಹೋದದ್ದೇ ಇದಕ್ಕೆ ಕಾರಣ. ಮುಂದಿನ ಕ್ರಮವೆಲ್ಲ ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಇದೆ.

ಮೊದಲು ಪೊಟ್ಟಣ ಕಟ್ಟಿ

ಪೆಟ್ಟಿಗೆಯನ್ನೇ ತರಗತಿಗೆ ಒಯ್ದು ಹಂಚಲು ಕೂತರೆ 40 ನಿಮಿಷದ ಪೀರಿಯಡ್‌ನಲ್ಲಿ 15 ನಿಮಿಷ ಅಲ್ಲೇ ಹೋಗುತ್ತದೆ. ಹಾಗಾಗಿ ಐದು ಮಕ್ಕಳ ಗುಂಪಿಗೆ ಒಂದರಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಲ್ಲಿ ಮೊದಲೇ ಸಾಮಾನು ತುಂಬಿಡಿ. ಸ್ಥಾನಬೆಲೆಯ ಚೀಲದಲ್ಲಿ ನೂರರ ಫಲಕ 3, ಹತ್ತರ ಕಡ್ಡಿ 12, ಬಿಡಿ ಘನ 20 ಇರಲಿ. ಎಷ್ಟೆಷ್ಟಿವೆ ಎಂದು ಚೀಟಿ ಬರೆದು ಚೀಲದ ಒಳಗೇ ಹಾಕಿ. ತೆಗೆಯುವಾಗ ಒಮ್ಮೆ, ಮರಳಿಸುವಾಗ ಒಮ್ಮೆ ಮಕ್ಕಳೇ ಎಣಿಸಿ ಚೀಟಿಗೆ ತಾಳೆ ನೋಡಲಿ.

ಸಾಮಗ್ರಿ ಸಾಲದಿದ್ದರೆ ರಟ್ಟಿನ ಮೇಲೆ ಗ್ರಾಫ್ ಹಾಳೆ ಅಂಟಿಸಿ, 10 ಸೆಂ.ಮೀ. ಉದ್ದ-ಅಗಲದ ಚೌಕ, 10 ಸೆಂ.ಮೀ. ಉದ್ದ 1 ಸೆಂ.ಮೀ. ಅಗಲದ ಪಟ್ಟಿ, 1 ಸೆಂ.ಮೀ.ನ ಪುಟ್ಟ ಚೌಕ ಕತ್ತರಿಸಿಕೊಳ್ಳಬಹುದು. ಹುಣಸೆಬೀಜ, ಕಲ್ಲು ಬಿಡಿಗಳಿಗೆ ಆಗುತ್ತವೆ. ಆದರೆ ಹತ್ತಕ್ಕೆ ಇನ್ನೊಂದು ಬಣ್ಣದ ಒಂದೇ ಕಲ್ಲು ಇಡಬೇಡಿ. ಹತ್ತು ಎನ್ನುವುದು ಬಿಡಿಗಿಂತ ಹತ್ತು ಪಟ್ಟು ದೊಡ್ಡದಾಗಿ ಕಣ್ಣಿಗೆ ಕಾಣಬೇಕು. ಮಣಿಚೌಕಟ್ಟನ್ನು, ಅಂದರೆ ಅಬ್ಯಾಕಸ್ಸನ್ನು, ಮೊದಲ ದಿನವೇ ತೆಗೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದರಲ್ಲಿ ಹತ್ತರ ಮಣಿಯೂ ಬಿಡಿಯ ಮಣಿಯೂ ಒಂದೇ ಗಾತ್ರ, ಬೆಲೆ ಇರುವುದು ಕಂಬಿಯ ಜಾಗದಲ್ಲಿ. ಕಡ್ಡಿ-ಫಲಕಗಳಲ್ಲಿ ಕೈ ಕುದುರಿದ ಮೇಲೆ ಅದನ್ನು ಕೊಡಿ.

ನಡುವೆ ಸೊನ್ನೆ ಇರುವ ಕಳೆಯುವ ಲೆಕ್ಕ

4ನೇ ತರಗತಿಯ ಮಕ್ಕಳು ಹೆಚ್ಚು ಎಡವುವ ಜಾಗ ಇದು. ‘ಪಕ್ಕದ ಮನೆಯಿಂದ ಸಾಲ ತಾ’ ಎಂದು ಬಾಯಿಪಾಠ ಮಾಡಿಸಿದ ಮಗು, ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ ಅಲ್ಲೇ ನಿಂತುಬಿಡುತ್ತದೆ. 302−147 ತೆಗೆದುಕೊಳ್ಳಿ. ಸರಿಯುತ್ತರ 155. ತಪ್ಪು ಉತ್ತರಗಳು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಬರುತ್ತವೆ, ಪ್ರತಿಯೊಂದೂ ಬೇರೆಯದೇ ತೊಡಕನ್ನು ತೋರಿಸುತ್ತದೆ.

245 ಬರೆದ ಮಗು ಮೇಲೆ-ಕೆಳಗೆ ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಕಳೆಯುವುದೆಂದರೆ ಇರುವುದರಿಂದ ತೆಗೆಯುವುದು ಎನ್ನುವುದೇ ಅದಕ್ಕೆ ಗಟ್ಟಿಯಾಗಿಲ್ಲ. 165 ಬರೆದ ಮಗು ನೂರನ್ನು ಒಡೆದು ಹತ್ತು ಹತ್ತುಗಳನ್ನು ಮಾಡಿದೆ, ಆದರೆ ಅದರಲ್ಲೊಂದನ್ನು ಬಿಡಿಗೆ ಕೊಟ್ಟ ಮೇಲೆ 9 ಉಳಿಯುತ್ತದೆ ಎಂಬುದನ್ನು ಮರೆತಿದೆ. 145 ಬರೆದ ಮಗು ನೂರರಿಂದ ನೇರವಾಗಿ ಬಿಡಿಗೆ ಹಾರಿ, ನಡುವಿನ ಸೊನ್ನೆಯಲ್ಲಿ ನಾಲ್ಕನ್ನು ಹಾಗೇ ಇಳಿಸಿದೆ. ಮೂವರಿಗೂ ‘ತಪ್ಪು, ಮತ್ತೆ ಮಾಡು’ ಎಂದರೆ ಒಬ್ಬರಿಗೂ ಉಪಯೋಗವಿಲ್ಲ. ಮೊದಲನೆಯ ಮಗುವನ್ನು 52−27ರಂಥ ಎರಡಂಕಿಯ ಲೆಕ್ಕಕ್ಕೆ ಹಿಂದೆ ಕರೆದೊಯ್ಯಬೇಕು. ಉಳಿದಿಬ್ಬರಿಗೆ ವಿನಿಮಯದ ಅಭ್ಯಾಸ ಸಾಕು.

ಗುಂಪಿನ ಐವರಿಗೂ ಒಂದೊಂದು ಕೆಲಸ ಹಂಚಿ. ಒಬ್ಬರು ‘ಬ್ಯಾಂಕು’, ವಿನಿಮಯಕ್ಕೆ ಬೇಕಾದ ಕಡ್ಡಿ, ಬಿಡಿ ಎಲ್ಲ ಅವರ ಬಳಿ. ಒಬ್ಬರು ಸಾಮಗ್ರಿ ಇಡುವವರು, ಒಬ್ಬರು ನಡೆದದ್ದನ್ನು ಗಟ್ಟಿಯಾಗಿ ಹೇಳುವವರು, ಒಬ್ಬರು ಚಿತ್ರ ಬಿಡಿಸುವವರು, ಒಬ್ಬರು ಅಂಕಿಯಲ್ಲಿ ಬರೆಯುವವರು. ಒಂದು ಲೆಕ್ಕ ಮುಗಿದೊಡನೆ ಕೆಲಸ ಬದಲಾಗಬೇಕು. ಇಲ್ಲದಿದ್ದರೆ ಚುರುಕಾದ ಒಬ್ಬ ಹುಡುಗನೋ ಹುಡುಗಿಯೋ ಎಲ್ಲವನ್ನೂ ಮಾಡಿ, ಉಳಿದವರು ನೋಡುತ್ತಾ ಕೂರುತ್ತಾರೆ.

1. ಮೂರು ಫಲಕ, ಎರಡು ಬಿಡಿ ಇಡಲಿ. ಹತ್ತರ ಜಾಗ ಖಾಲಿ. ಹಾಳೆಯಲ್ಲಿ ಮೂರು ಚೌಕ, ಎರಡು ಚುಕ್ಕಿ. ಕಳೆಯಬೇಕಾದ 147ಕ್ಕೆ ಸಾಮಗ್ರಿ ಇಡಬಾರದು. ಇಟ್ಟರೆ ಮಕ್ಕಳು ಎರಡನ್ನೂ ಕೂಡಿಬಿಡುತ್ತಾರೆ.

2. ಏಳು ಬಿಡಿ ತೆಗೆಯಬೇಕು, ಇರುವುದು ಎರಡು. ಹತ್ತರ ಜಾಗದಲ್ಲೂ ಏನಿಲ್ಲ. ಒಂದು ಫಲಕವನ್ನು ಬ್ಯಾಂಕಿಗೆ ಕೊಟ್ಟು ಹತ್ತು ಕಡ್ಡಿ ತರಲಿ. ಚಿತ್ರದಲ್ಲಿ ಒಂದು ಚೌಕ ಹೊಡೆದುಹಾಕಿ ಹತ್ತು ಗೆರೆ ಎಳೆಯಲಿ. ಅಂಕಿಯಲ್ಲಿ 3ನ್ನು ಹೊಡೆದು 2, ಸೊನ್ನೆಯ ಮೇಲೆ 10.

3. ಒಂದು ಕಡ್ಡಿ ಕೊಟ್ಟು ಹತ್ತು ಬಿಡಿ ತರಲಿ. 10 ಹೋಗಿ 9 ಆಯಿತು, 2 ಹೋಗಿ 12 ಆಯಿತು. ಒಂಬತ್ತು ಎಲ್ಲಿಂದ ಬಂತು ಎನ್ನುವುದು ಇಲ್ಲಿ ಕಣ್ಣೆದುರೇ ಇದೆ.

4. ಇಲ್ಲಿ ಕೈ ತಡೆಯಿರಿ. ‘ಈಗ ನಿಮ್ಮ ಮುಂದೆ ಒಟ್ಟು ಎಷ್ಟಿದೆ?’ ಎಂದು ಕೇಳಿ. 2912 ಎನ್ನುವವರು ಇರುತ್ತಾರೆ, ‘ಕಡಿಮೆಯಾಯ್ತು’ ಎನ್ನುವವರೂ ಇರುತ್ತಾರೆ. 200, 90, 12 ಎಂದು ಎಣಿಸಿ ಕೂಡಲಿ: 302. ರೂಪ ಬದಲಾಯಿತು, ಬೆಲೆ ಬದಲಾಗಲಿಲ್ಲ. ಇಡೀ ಪಾಠದಲ್ಲಿ ಈ ಪ್ರಶ್ನೆಯೊಂದನ್ನು ಮಾತ್ರ ಯಾವ ಅವಸರದಲ್ಲೂ ಬಿಡಬೇಡಿ.

5. ಈಗ ಏಳು ಬಿಡಿ, ನಾಲ್ಕು ಕಡ್ಡಿ, ಒಂದು ಫಲಕ ತೆಗೆದು ಪಕ್ಕಕ್ಕಿಡಲಿ. ಉಳಿದದ್ದು 155. ತೆಗೆದಿಟ್ಟದ್ದನ್ನು ಮರಳಿ ಸೇರಿಸಿದರೆ 302 ಬರಬೇಕು. ತಾಳೆ ನೋಡುವ ಕೆಲಸವೂ ಅಲ್ಲೇ ಮುಗಿಯುತ್ತದೆ.

ಲೆಕ್ಕಗಳನ್ನು ಈ ಸರಣಿಯಲ್ಲಿ ಕೊಡಿ: 52−27, 340−126, 325−168, ಆಮೇಲೆ 302−147, ಕೊನೆಗೆ 300−164. ಮೇಲೆ ಹೇಳಿದ ಚೀಲದ ಸಾಮಗ್ರಿ ಇವಿಷ್ಟಕ್ಕೂ ಸಾಕಾಗುತ್ತದೆ. ಸಾಮಗ್ರಿಯೊಂದಿಗೆ ಎರಡು ಪೀರಿಯಡ್, ಬರೀ ಚಿತ್ರದಲ್ಲಿ ಒಂದು, ಬರೀ ಅಂಕಿಯಲ್ಲಿ ಒಂದು ಎಂದಿಟ್ಟುಕೊಳ್ಳಿ. ಚಿತ್ರದ ಪೀರಿಯಡ್ಡನ್ನು ಪಠ್ಯ ಮುಗಿಸುವ ಒತ್ತಡದಲ್ಲಿ ಹಾರಿಸುವುದೇ ಹೆಚ್ಚು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಯಲ್ಲಿ ಮಗುವಿನ ಮುಂದೆ ಇರುವುದು ಕಾಗದ ಮಾತ್ರ. ಕಡ್ಡಿಯಿಂದ ಅಂಕಿಗೆ ದಾಟಿಸುವುದು ಚಿತ್ರವೇ.

ಭಿನ್ನರಾಶಿ: 24 ಸೆಂ.ಮೀ. ಪಟ್ಟಿ

ಕಿಟ್‌ನ ಭಿನ್ನರಾಶಿ ಪಟ್ಟಿಗಳು ಎಲ್ಲ ಗುಂಪಿಗೂ ಸಾಲದೇ ಹೋದರೆ ಬಣ್ಣದ ಚಾರ್ಟ್ ಹಾಳೆಯಲ್ಲಿ ಮಾಡಿಕೊಳ್ಳಬಹುದು. ಪೂರ್ಣ ಪಟ್ಟಿಯ ಉದ್ದ 24 ಸೆಂ.ಮೀ., ಅಗಲ 3 ಸೆಂ.ಮೀ. ಇರಲಿ. 24 ಎಂದರೆ 1/2ಕ್ಕೆ 12, 1/3ಕ್ಕೆ 8, 1/4ಕ್ಕೆ 6, 1/6ಕ್ಕೆ 4, 1/8ಕ್ಕೆ 3, 1/12ಕ್ಕೆ 2 ಸೆಂ.ಮೀ.; ಎಲ್ಲವೂ ಪೂರ್ಣ ಸಂಖ್ಯೆ. ಐದನೇ ಒಂದು ಭಾಗ ಬೇಕೆಂದರೆ 4 ಸೆಂ.ಮೀ. 8 ಮಿ.ಮೀ. ಒಂದೊಂದು ಭಿನ್ನರಾಶಿಗೆ ಒಂದೊಂದು ಬಣ್ಣ.

ಗುರುತು ಹಾಕುವಾಗ ಸ್ಕೇಲನ್ನು ಒಂದೇ ತುದಿಯಲ್ಲಿಟ್ಟು 2, 4, 6, 8 ಎಂದು ಹೋಗಿ. ಒಂದೊಂದು ತುಂಡನ್ನೂ ಬೇರೆ ಬೇರೆ ಅಳೆದು ಕತ್ತರಿಸಿದರೆ, ತುಂಡಿಗೆ 1 ಮಿ.ಮೀ. ಹೆಚ್ಚಾದರೂ ಹನ್ನೆರಡು ತುಂಡು ಸೇರುವ ಹೊತ್ತಿಗೆ 12 ಮಿ.ಮೀ. ಹೊರಗೆ ಚಾಚುತ್ತದೆ. ಆಗ ಮಗು ತನ್ನ ಕಣ್ಣನ್ನು ನಂಬಬೇಕೋ ಮೇಷ್ಟ್ರನ್ನು ನಂಬಬೇಕೋ ತಿಳಿಯದು. ತುಂಡಿನ ಒಂದು ಬದಿಯಲ್ಲಿ ಭಿನ್ನರಾಶಿ ಬರೆದು ಇನ್ನೊಂದು ಬದಿ ಖಾಲಿ ಬಿಡಿ. ಖಾಲಿ ಬದಿ ಮೇಲಾಗಿಟ್ಟು, ‘ಇಂಥವು ಎಷ್ಟು ಸೇರಿದರೆ ಪೂರ್ಣವಾಗುತ್ತದೆ?’ ಎಂದು ಅಳೆದು ಮಕ್ಕಳೇ ಹೆಸರಿಡಲಿ, ಆಮೇಲೆ ತಿರುಗಿಸಿ ನೋಡಲಿ.

1/4 ದೊಡ್ಡದೋ 1/3 ದೊಡ್ಡದೋ ಎಂದರೆ ಮೂರಕ್ಕಿಂತ ನಾಲ್ಕು ದೊಡ್ಡದು ಎಂಬ ಲೆಕ್ಕದಲ್ಲಿ 1/4 ಎನ್ನುತ್ತಾರೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಮುಗಿಯಿತು, ವಿವರಣೆ ಬೇಡ. 1/2 + 1/3 = 2/5 ಎನ್ನುವ ತಪ್ಪಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಮೊದಲು 1/2ರ ಪಕ್ಕದಲ್ಲಿ 1/5ರ ಎರಡು ತುಂಡು ಇಡಿಸಿ. 2/5 ಅಂದರೆ 9.6 ಸೆಂ.ಮೀ., ಅರ್ಧ 12 ಸೆಂ.ಮೀ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿ, ಸುಮ್ಮನಿರಿ. ಮಕ್ಕಳು ಜಗಳವಾಡಲಿ. ಆಮೇಲೆ ಪೂರ್ಣ ಪಟ್ಟಿಯ ಕೆಳಗೆ 1/2, 1/3 ಎರಡನ್ನೂ ಒಂದರ ತುದಿಗೆ ಒಂದು ಇಡಿಸಿ. ಉಳಿದ ಸಂದಿಗೆ ಯಾವ ತುಂಡು ಸರಿಯಾಗಿ ಕೂರುತ್ತದೆ ಎಂದು ಹುಡುಕಲಿ. 1/6 ಕೂರುತ್ತದೆ. ಹಾಗಾದರೆ ಇಟ್ಟದ್ದೆಲ್ಲ 1/6ರ ತುಂಡುಗಳಲ್ಲಿ ಎಷ್ಟು? ಮುಚ್ಚಿ ನೋಡಿದರೆ ಐದು, ಅಂದರೆ 5/6. ಛೇದಗಳನ್ನು ಏಕೆ ಒಂದೇ ಮಾಡಬೇಕು ಎನ್ನುವ ಪ್ರಶ್ನೆ ಮಕ್ಕಳಿಂದಲೇ ಬಂದ ಮೇಲೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಹೇಳಿಕೊಡುವುದು ಸುಲಭ.

ಒಂದು ಎಚ್ಚರ: ವೃತ್ತದ ತುಂಡುಗಳನ್ನೂ ಪಟ್ಟಿಗಳನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ. ಪೂರ್ಣ ಬೇರೆಯಾದರೆ ಅರ್ಧವೂ ಬೇರೆ.

ಜಿಯೋಬೋರ್ಡ್, ಟೇಪು ಮತ್ತಿತರೆ

ಜಿಯೋಬೋರ್ಡಿನಲ್ಲಿ, ಅಂದರೆ ಸಮ ಅಂತರದಲ್ಲಿ ಮೊಳೆಗಳಿರುವ ಹಲಗೆಯಲ್ಲಿ, ಮಕ್ಕಳು ಮೊಳೆ ಎಣಿಸುತ್ತಾರೆ, ಎಣಿಸಬೇಕಾದ್ದು ಮೊಳೆಗಳ ನಡುವಿನ ಅಂತರ. ಬಾಹು ಮೂರು ಅಂತರ ಇರುವ ಚೌಕದಲ್ಲಿ ಒಂದೊಂದು ಬಾಹುವಿಗೂ ನಾಲ್ಕು ಮೊಳೆ ಇರುವುದರಿಂದ 9 ಚದರ ಮಾನ ಬರಬೇಕಾದಲ್ಲಿ 16 ಎನ್ನುತ್ತಾರೆ. ಒಂದು ಅಂತರದ ಮೇಲೆ ಬೆರಳಿಟ್ಟು ‘ಒಂದು’ ಎಂದು ಜಾರಿಸುತ್ತಾ ಎಣಿಸುವುದನ್ನು ರೂಢಿ ಮಾಡಿಸಿ. ಓರೆಯಾಗಿ ಹೋದ ಅಂತರ ನೇರ ಅಂತರಕ್ಕಿಂತ ಉದ್ದ, ಅದನ್ನು ಒಂದು ಎಂದು ಎಣಿಸಬಾರದು.

ಸುತ್ತಳತೆ ಒಂದೇ ಇದ್ದರೆ ವಿಸ್ತೀರ್ಣವೂ ಒಂದೇ ಎಂಬ ನಂಬಿಕೆ ಒಡೆಯಲು ರಬ್ಬರ್ ಬ್ಯಾಂಡ್ ಬಿಟ್ಟು ದಾರ ಹಿಡಿಯಿರಿ. ಹನ್ನೆರಡು ಅಂತರದಷ್ಟು ಉದ್ದದ ದಾರಕ್ಕೆ ಗಂಟು ಹಾಕಿ ಬಳೆ ಮಾಡಿ. ಅದೇ ದಾರದಲ್ಲಿ 1×5, 2×4, 3×3 ಆಯತಗಳು ಬರುತ್ತವೆ. ವಿಸ್ತೀರ್ಣ 5, 8, 9. ರಬ್ಬರ್ ಹಿಗ್ಗುವುದರಿಂದ ಅದರಲ್ಲಿ ಇದು ಕಾಣುವುದಿಲ್ಲ.

ಅಳತೆ ಟೇಪಿನಲ್ಲಿ ತಪ್ಪುವುದು ಆರಂಭದಲ್ಲೇ: ಸೊನ್ನೆಯ ಬದಲು 1ರಿಂದ ಹಿಡಿಯುತ್ತಾರೆ. ತಕ್ಕಡಿ ಬಳಸುವ ಮುನ್ನ ಖಾಲಿ ತಟ್ಟೆಗಳು ಸಮ ನಿಂತಿವೆಯೇ ನೋಡಿ.

ಒಬ್ಬರೇ ಶಿಕ್ಷಕರು, ಎರಡು ತರಗತಿ

4 ಮತ್ತು 5 ಒಂದೇ ಕೋಣೆಯಲ್ಲಿದ್ದರೆ ಎರಡಕ್ಕೂ ಒಟ್ಟಿಗೆ ಕಿಟ್ ಕೊಡಬೇಡಿ. ಮೊದಲ 20 ನಿಮಿಷ 4ನೇಯವರಿಗೆ ಸಾಮಗ್ರಿ, 5ನೇಯವರು ಹಿಂದಿನ ದಿನ ಮಾಡಿದ್ದನ್ನು ಚಿತ್ರ ಮತ್ತು ಅಂಕಿಯಲ್ಲಿ ಬರೆಯಲಿ. ಆಮೇಲೆ ಅದಲು ಬದಲು. 1ರಿಂದ 3ನೇ ತರಗತಿಯವರೆಗಿನ ಚಟುವಟಿಕೆ ಕಲಿಕೆಯಾದ ನಲಿ-ಕಲಿಯಿಂದ ಬಂದ 4ನೇ ತರಗತಿಯ ಮಕ್ಕಳಿಗೆ ಗುಂಪಿನಲ್ಲಿ ಕೆಲಸ ಮಾಡಿ ಗೊತ್ತಿರುತ್ತದೆ. ಅವರಿಗೆ ಹೊಸದು ಪಠ್ಯಪುಸ್ತಕ. ಆದ್ದರಿಂದ ಸಾಮಗ್ರಿಯಲ್ಲಿ ಮಾಡಿದ ಲೆಕ್ಕ ಪುಸ್ತಕದ ಯಾವ ಪುಟದಲ್ಲಿದೆ ಎಂದು ಅದೇ ದಿನ ತೆರೆದು ತೋರಿಸಿ.

ಘಟಕ ಮುಗಿದು ಒಂದು ವಾರ ಬಿಟ್ಟು ಐದು ಲೆಕ್ಕದ ಚೀಟಿ ಕೊಡಿ, ಸಾಮಗ್ರಿ ಇಲ್ಲದೆ. ಅಂಕ ಹಾಕುವುದಕ್ಕಿಂತ ಯಾವ ತಪ್ಪು ಯಾರದು ಎಂದು ಗುರುತಿಸಿಕೊಳ್ಳುವುದು ಮುಖ್ಯ. 165ರ ಬಗೆಯ ತಪ್ಪು ಮಾಡಿದವರನ್ನೆಲ್ಲ ಒಂದು ಗುಂಪು ಮಾಡಿ, ಚೀಲ ಕೊಟ್ಟು ಮೂರನೇ ಹೆಜ್ಜೆಯಿಂದ ಮತ್ತೆ ಶುರು ಮಾಡಿಸಿ. ಕಳೆದುಹೋದ ತುಂಡುಗಳ ಬದಲಿಗೆ ಅದೇ ಗಾತ್ರದ ರಟ್ಟಿನ ತುಂಡು ಹಾಕಿ, ಚೀಟಿಯ ಲೆಕ್ಕ ಮತ್ತೆ ಸರಿ ಮಾಡಿಡಿ. ತುಂಡು ಕಳೆದೀತೆಂದು ಕಿಟ್‌ಗೆ ಬೀಗ ಹಾಕಬೇಡಿ. ಬಳಸಿ ಸವೆದ ಕಿಟ್‌ಗೆ ಬದಲಿ ಕೊಡಿ ಎಂದು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬರೆದು ಕೇಳಿ.