ವಿಕಟಕವಿಯನ್ನು ತಿರುಗಿಸಲು ಹೋಗಿ ಲೂಪ್ ಕಲಿತೆ

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೆ. ಫಾರ್ ಲೂಪ್, ಅಂದರೆ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಕೋಡ್, ಓದಿದಾಗೆಲ್ಲ ನನಗೆ ಅರ್ಥ ಆಗುತ್ತಿತ್ತು. ವಿಡಿಯೋ ನೋಡಿದರೂ ಆಗುತ್ತಿತ್ತು. ಎಲ್ಲ ಮುಚ್ಚಿಟ್ಟು ನಾನೇ ಬರೆಯಲು ಕೂತರೆ ಮಾತ್ರ ಕೈ ಓಡುತ್ತಿರಲಿಲ್ಲ. ಹಣ್ಣುಗಳ ಲಿಸ್ಟ್ ಮಾಡಿ ಒಂದೊಂದೇ ಪ್ರಿಂಟ್ ಮಾಡುವುದು, 1ರಿಂದ 10ರವರೆಗೆ ಕೂಡಿಸುವುದು, ಇಂಥವನ್ನೇ ಎರಡು ವಾರ ಮಾಡಿದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳು, ತಲೆಗೆ ಕೆಲಸವೇ ಇರಲಿಲ್ಲ.

ಒಂದು ಸಂಜೆ ಪ್ಯಾಲಿಂಡ್ರೋಮ್ ಅಭ್ಯಾಸ ಬಂತು. ಹಿಂದಿನಿಂದ ಓದಿದರೂ ಅದೇ ಆಗುವ ಪದ ಹೌದೋ ಅಲ್ಲವೋ ನೋಡಬೇಕು. ಇಂಗ್ಲಿಷ್ ಪದ ಯಾಕೆ, ನಮ್ಮ ವಿಕಟಕವಿ ಇದೆಯಲ್ಲ ಅಂತ ಅದನ್ನೇ ಕೊಟ್ಟೆ. ಫಾಲ್ಸ್ (ಅಲ್ಲ) ಅಂತ ಬಂತು! ನಯನ ಕೊಟ್ಟರೆ ಟ್ರೂ (ಹೌದು), ಕನಕ ಕೊಟ್ಟರೂ ಟ್ರೂ. ಕೋಡ್ ಸರಿ ಇದೆ, ಪದವೂ ಸರಿ ಇದೆ, ಮತ್ತೆ ಇದೇನು?

ಆಗ ಸುಮ್ನೆ ಒಂದು ಲೂಪ್ ಹಾಕಿ ಪದದ ಒಂದೊಂದು ತುಂಡನ್ನೂ ಬೇರೆ ಬೇರೆ ಸಾಲಿನಲ್ಲಿ ಪ್ರಿಂಟ್ ಮಾಡಿದೆ. 5 ಸಾಲು ಬರಬೇಕಿತ್ತು, 7 ಬಂತು. ವ ಒಂದು ಸಾಲಿನಲ್ಲಿ, ಅದರ ಗುಡಿಸು ಮುಂದಿನ ಸಾಲಿನಲ್ಲಿ! ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಪದ್ಧತಿಯಾದ ಯೂನಿಕೋಡಿನಲ್ಲಿ ಗುಡಿಸು, ಕೊಂಬು, ಇಳಿ ಎಲ್ಲಕ್ಕೂ ಬೇರೆ ಬೇರೆ ನಂಬರ್ ಇದೆ, ಪೈಥಾನ್ ಎಣಿಸುವುದು ಅವನ್ನೇ. ಕನ್ನಡ ಅಂತ ಕೊಟ್ಟು ಉದ್ದ ಕೇಳಿದರೆ 3 ಅಲ್ಲ, 5 ಅನ್ನುತ್ತದೆ: ಕ, ನ, ಹಲಂತ (ನ್ ಮಾಡುವ ಚಿಹ್ನೆ), ನ, ಡ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವಾಗ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುತ್ತೇವಲ್ವಾ, ಆ ಹಲಂತವೇ ಇದು.

ಹಾಗಾದರೆ ಬಿಡಿ ತುಂಡುಗಳನ್ನು ಸೇರಿಸಿ ಅಕ್ಷರ ಮಾಡುವ ಲೂಪನ್ನು ನಾನೇ ಬರೆಯಬೇಕು. ಕಂಪ್ಯೂಟರ್ ಬಿಟ್ಟು ನೋಟ್‌ಬುಕ್ ತೆಗೆದೆ. ಎಡಗಡೆ ಈಗ ಬಂದ ತುಂಡು, ಬಲಗಡೆ ಆಗ ಲಿಸ್ಟ್ ಹೇಗಿದೆ ಅನ್ನುವುದು, ಒಂದೊಂದು ಸುತ್ತಿಗೂ ಒಂದು ಸಾಲು. ವ ಬಂತು, ಲಿಸ್ಟಿಗೆ ಅಪೆಂಡ್, ಅಂದರೆ ಕೊನೆಗೆ ಸೇರಿಸುವುದು. ಗುಡಿಸು ಬಂತು, ಹೊಸದಾಗಿ ಸೇರಿಸಬಾರದು, ಲಿಸ್ಟಿನ ಕೊನೆಯ ವ ಜೊತೆ ಅಂಟಿಸಬೇಕು. ಸ್ಟ್ರಿಂಗಿನ (ಪೈಥಾನಿಗೆ ಕೊಟ್ಟ ಪದದ) ನಡುವೆ ಏನನ್ನೂ ಬದಲಿಸಲು ಪೈಥಾನ್ ಬಿಡುವುದಿಲ್ಲ, ಲಿಸ್ಟಿನಲ್ಲಿ ಬಿಡುತ್ತದೆ. ಆ ವ್ಯತ್ಯಾಸವನ್ನು ಎಷ್ಟೋ ಸಲ ಓದಿದ್ದೆ, ಯಾಕೆ ಬೇಕು ಅನ್ನುವುದು ತಿಳಿದದ್ದು ಆ ಪುಟದಲ್ಲೇ.

ಚಿಹ್ನೆಗಳದ್ದೇ ಒಂದು ಲಿಸ್ಟ್ ಮಾಡಿ ಅದರಲ್ಲಿ ಇದ್ದರೆ ಅಂಟಿಸು, ಇಲ್ಲದಿದ್ದರೆ ಅಪೆಂಡ್ ಮಾಡು ಅಂತ ಬರೆದೆ. ತಿರುಗಿಸಿ ಹೋಲಿಸಿದರೆ ವಿಕಟಕವಿ ಟ್ರೂ! ಆದರೆ ಕನ್ನಡ 4 ತುಂಡಾಯಿತು, ನ್ ಬೇರೆ ನ ಬೇರೆ. ಕೊನೆಯದು ಹಲಂತದಲ್ಲಿ ಮುಗಿದಿದ್ದರೂ ಅಂಟಿಸು ಅಂತ ಸೇರಿಸಿದೆ, ಮೊದಲ ಅಕ್ಷರಕ್ಕೇ ಇಂಡೆಕ್ಸ್ (ಲಿಸ್ಟಿನಲ್ಲಿ ಸ್ಥಾನದ ನಂಬರ್) ಎರರ್. ನೋಟ್‌ಬುಕ್ಕಿನ ಮೊದಲ ಸಾಲು ನೋಡಿದರೆ ಕಾರಣ ಅಲ್ಲೇ ಇತ್ತು: ಆಗ ಲಿಸ್ಟ್ ಖಾಲಿ, ಇಲ್ಲದ ಕೊನೆಯದನ್ನು ಕೇಳುತ್ತಿದ್ದೆ. ಲಿಸ್ಟ್ ಖಾಲಿ ಇಲ್ಲ ತಾನೇ ಅಂತ ಮೊದಲು ನೋಡಿಕೊಂಡ ಮೇಲೆ ಸರಿಹೋಯಿತು, ಕನ್ನಡಕ್ಕೆ 3 ಬಂತು.

ಹೊಸಬರಿಗೆ ನಾನು ಹೇಳುವುದು ಇಷ್ಟೇ, ಲೂಪ್ ಅಭ್ಯಾಸಕ್ಕೆ ಕನ್ನಡ ಪದ ತೆಗೆದುಕೊಳ್ಳಿ, ಕೋಡ್ ಓಡಿಸುವ ಮೊದಲು ಎರಡು ಪದವನ್ನಾದರೂ ಕಾಗದದ ಮೇಲೆ ಓಡಿಸಿ. ನಾನೀಗ ಷಟ್ಪದಿಯ 6 ಸಾಲುಗಳನ್ನು ಲಿಸ್ಟಿಗೆ ಹಾಕಿ, ಪ್ರತಿ ಸಾಲಿನ ಎರಡನೇ ಅಕ್ಷರ ತೆಗೆದು ಪ್ರಾಸ ಕೂಡುತ್ತದಾ ನೋಡುತ್ತಿದ್ದೇನೆ. ಲೂಪಿನೊಳಗೆ ಲೂಪ್. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಎರಡನೇ ಅಕ್ಷರದ ಇಂಡೆಕ್ಸ್ 1.