ಐವತ್ತಾರರಲ್ಲಿ ಟ್ರ್ಯಾಕ್ ಸ್ಕೂಲು: ಬ್ರೇಕ್ ಮುಟ್ಟದೆ ಟೈಮ್ ಇಳಿಸಿದ ನನ್ನ ಅನುಭವ

ರೇಸ್ ಟ್ರ್ಯಾಕಲ್ಲಿ ಬೈಕ್ ಓಡಿಸೋದು ಕಲಿಸೋ ಸ್ಕೂಲಿಗೆ ಹೋದ ಕತೆ ಇದು. ಮೊದ್ಲೇ ಒಂದು ಸುತ್ತಿನ ಟೈಮ್ ಹೇಳ್ಬಿಡ್ತೀನಿ. ಶ್ರೀಪೆರಂಬದೂರು ಹತ್ರ ಇರೋ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟು, ಹಳಬರೆಲ್ಲ ಇನ್ನೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತ್ಲೇ ಅನ್ನೋದು, ಅಲ್ಲಿ 3.7 ಕಿಲೋಮೀಟರ್ ಪೂರ್ತಿ ಲೂಪಲ್ಲಿ ಅಪಾಚೆ ಆರ್‌ಆರ್ 310 ಬೈಕ್ ಮೇಲೆ 2:50 (2 ನಿಮಿಷ 50 ಸೆಕೆಂಡು) ಆಸುಪಾಸು ಹೊಡೀತಿದ್ದವನು ಈಗ 2:28ಕ್ಕೆ ಬಂದಿದೀನಿ. ರೇಸ್ ಮಾಡೋ ಹುಡುಗರು ಇದಕ್ಕಿಂತ ಎಷ್ಟೋ ಮುಂದೆ ಇದಾರೆ, ಸರಿ. ಆದ್ರೆ ನಂಗೆ 56 ಆಯ್ತು, ಎಡಮಂಡಿ ಸವೆದಿದೆ, ಬಿಪಿ ಮಾತ್ರೆ ತಗೋತೀನಿ, ಆ ಇಪ್ಪತ್ತೆರಡು ಸೆಕೆಂಡಲ್ಲಿ ಹದಿನೈದಾದ್ರೂ ಬ್ರೇಕ್ ಮುಟ್ಟದೆ ನಾಲ್ಕನೇ ಗೇರಲ್ಲೇ ಓಡಿಸಿ ತೆಗ್ದಿದ್ದು. "ಸಾರ್, ಅದು ಬೆಳಗ್ಗೆ ವಾರ್ಮಪ್‌ಗೆ ಮಾಡಿಸೋ ಡ್ರಿಲ್ಲು, ಇಡೀ ದಿನ ಅದೇ ಮಾಡಿದ್ರೆ ದುಡ್ಡು ದಂಡ" ಅಂತ ಗಾಡಿ ನಿಲ್ಲಿಸೋ ಪಿಟ್‌ನಲ್ಲಿ ಎಲ್ರೂ ಹೇಳಿದ್ರು. ಅವರಿಗೋಸ್ಕರಾನೇ ಬರೀತಿದೀನಿ.

ನಾನು ಮೈಸೂರಿನವನು, ಯೆಜ್ಡಿ ಮೇಲೆ ಗಾಡಿ ಕಲ್ತೋನು, ಆಮೇಲೆ ಆರ್‌ಎಕ್ಸ್ 100. ಮೂವತ್ತು ವರ್ಷ ರೋಡಲ್ಲಿ ಓಡಿಸಿದ ಕೈಗೆ ಒಂದು ಅಭ್ಯಾಸ ಕೂತಿರುತ್ತೆ, ತಿರುವು ಕಂಡ ತಕ್ಷಣ ಎರಡು ಬೆರಳು ಬ್ರೇಕ್ ಲಿವರ್ ಮೇಲೆ, ಕಾಲು ಹಿಂದಿನ ಬ್ರೇಕ್ ಮೇಲೆ, ತಿರುವಿನ ಮಧ್ಯೆನೂ ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟು ಹಿಡಿದು ಬಿಟ್ಟು ಹಿಡಿದು. ಮೊದಲು ಹೋದ ಸ್ಕೂಲಲ್ಲಿ, ಹೆಸರು ಬೇಡ, ಇಪ್ಪತ್ತೆರಡರ ಹುಡುಗರನ್ನೂ ನನ್ನನ್ನೂ ಒಂದೇ ಗುಂಪಿಗೆ ಹಾಕಿ "ಲೇಟ್ ಬ್ರೇಕ್ ಮಾಡಿ, ಇನ್ನೂ ಲೇಟ್" ಅಂತ ದಿನವೆಲ್ಲ ಕೂಗಿದ್ರು, ಅಂದ್ರೆ ತಿರುವಿನ ತೀರಾ ಹತ್ರ ಹೋದ್ಮೇಲೆ ಬ್ರೇಕ್ ಹಿಡೀರಿ ಅಂತ. ಮಧ್ಯಾಹ್ನದ ಹೊತ್ತಿಗೆ ಮುಂಗೈ ಕಲ್ಲಾಗಿ ಲಿವರ್ ಎಳೆಯೋಕೇ ಆಗ್ತಿರಲಿಲ್ಲ, ಟೈಮ್ ಬೆಳಗ್ಗೆಗಿಂತ ಜಾಸ್ತಿ ಆಯ್ತು. ಅಲ್ಲಿ ಹೋದ ದುಡ್ಡು, ಫೀಸು ಪಿಕಪ್ ಬಾಡಿಗೆ ಟೈರು ಎಲ್ಲ ಸೇರಿ ಅರವತ್ತು ಸಾವಿರದ ಹತ್ರ. ಆಮೇಲೆ ಆರು ತಿಂಗಳು ಜಿಮ್‌ಗೆ ಹೋಗಿ ಕೈ ಗಟ್ಟಿ ಮಾಡ್ಕೊಂಡು ಹೋದ್ರೂ ಅದೇ ಕತೆ. ಕೈಯಲ್ಲಿ ಬಲ ಇದ್ದಷ್ಟೂ ಹ್ಯಾಂಡಲ್ ಬಿಗಿ ಹಿಡೀತೀವಿ, ಮುಂದಿನ ಚಕ್ರ ಅಷ್ಟೇ ಒದ್ದಾಡುತ್ತೆ.

ಎರಡನೇ ಸ್ಕೂಲಲ್ಲಿ ಬೆಳಗಿನ ಮೊದಲ ಸೆಷನ್ ಒಂದೇ ಗೇರು, ಬ್ರೇಕ್ ಇಲ್ಲ. ನಾನು ಕೋಚ್ ಹತ್ರ ಹೋಗಿ, ಸಂಜೆ ತನಕ ಇದನ್ನೇ ಮಾಡ್ತೀನಿ, ನಿಧಾನದ ಗುಂಪಲ್ಲೇ ಬಿಡಿ ಅಂದೆ. ಒಪ್ಪಿಸೋಕೆ ಸ್ವಲ್ಪ ಹೊತ್ತು ಹಿಡೀತು. ಬ್ರೇಕ್ ಇಲ್ಲ ಅಂದ್ಮೇಲೆ ತಿರುವಿಗೆ ಎಷ್ಟು ಸ್ಪೀಡಲ್ಲಿ ಬರ್ಬೇಕು ಅಂತ ಮೊದಲೇ ಲೆಕ್ಕ ಹಾಕ್ಲೇಬೇಕು, ಥ್ರಾಟಲ್ ಮುಚ್ಚೋ ಜಾಗ ಒಂದೇ ಕಡೆ ನಿಲ್ಲುತ್ತೆ, ಗಾಡಿ ವಾಲಿದ ಮೇಲೆ ಥ್ರಾಟಲ್ ನಿಧಾನಕ್ಕೆ ಒಂದೇ ಸಮ ತೆಗೀತಾ ಹೋಗೋದೊಂದೇ ಕೆಲಸ. ಮುಖ್ಯ ಸ್ಟ್ರೇಟ್ ಆದ್ಮೇಲೆ ಬರೋ ಸಿ1 ಜೋರಾದ ತಿರುವು, ಅಲ್ಲಿಗೆ ನಾನು ಯಾವ ಗುರುತು ಇಟ್ಕೊಂಡಿದೀನಿ ಅಂತ ಮಾತ್ರ ಕೇಳ್ಬೇಡಿ, ಅದು ನನ್ನದು. ಆ ದಿನ ಸಂಜೆ 2:40ರ ಕೆಳಗೆ ಬಂತು, ಆಮೇಲಿನ ಸಲ 2:35ರ ಹತ್ರ. ಕೊನೇಲಿ ಗೇರು ಬ್ರೇಕು ಎರಡೂ ವಾಪಸ್ ತಂದಾಗ 2:28. ಪಿಟ್‌ನಲ್ಲಿ ನಕ್ಕಿದ್ದವರಲ್ಲಿ ಇಬ್ಬರು ಈಗ ಇದೇ ಡ್ರಿಲ್ ಮಾಡ್ತಿದಾರೆ.

ಇನ್ನೊಂದು, ಎಲ್ಲ ಸೆಷನ್ನೂ ಓಡಿಸಲ್ಲ. ದಿನಕ್ಕೆ ಆರೋ ಏಳೋ ಕೊಡ್ತಾರೆ, ನಾನು ನಾಲ್ಕು ಓಡಿಸ್ತೀನಿ, ಊಟ ಆದ್ಮೇಲಿನದು ಬಿಟ್ಟೇಬಿಡ್ತೀನಿ. ದುಡ್ಡು ಕೊಟ್ಟು ಸುಮ್ನೆ ಕೂರೋದಾ ಅಂತ ಎಲ್ರೂ ಕೇಳ್ತಾರೆ. ಆ ಬಿಸಿಲಲ್ಲಿ ಲೆದರ್ ಹಾಕ್ಕೊಂಡು ತೊಡೆ ಸೆಳೆತ ಬಂದ್ರೆ ಆಮೇಲಿನ ಎರಡು ಸೆಷನ್ ಹೇಗೂ ಹೋಗುತ್ತೆ. ಓಆರ್‌ಎಸ್ ಬೆಳಗ್ಗೆಯಿಂದಾನೇ ಕುಡೀತಾ ಇರಿ, ಬಾಯಾರಿದ ಮೇಲೆ ಅಲ್ಲ. ಮತ್ತೆ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸ್ಕೊಂಡು ಡಾಕ್ಟ್ರು ಹೂಂ ಅಂದ್ಮೇಲೇ ಫೀಸ್ ಕಟ್ಟಿ.

ಐವತ್ತು ದಾಟಿದವರು ಯಾರೂ ಮಾತಾಡದ ವಿಷಯ ಕನ್ನಡಕ. ದೂರ ಹತ್ತಿರ ಎರಡೂ ಒಂದರಲ್ಲೇ ಇರೋ ಪ್ರೋಗ್ರೆಸಿವ್ ಗ್ಲಾಸ್ ಹಾಕ್ಕೊಂಡು ಟ್ರ್ಯಾಕಿಗೆ ಇಳೀಬೇಡಿ. ಅದರ ಎರಡೂ ಪಕ್ಕ ಮಬ್ಬು, ತಿರುವಿನ ಒಳಗಡೆ ಅಪೆಕ್ಸ್ (ಗಾಡಿ ಒಳ ಅಂಚಿಗೆ ತೀರಾ ಹತ್ರ ಬರೋ ಜಾಗ) ನೋಡೋಕೆ ಕಣ್ಣು ಹೊರಳಿಸೋದು ಅದೇ ಪಕ್ಕಕ್ಕೆ. ಬರೀ ದೂರದ ನಂಬರಿನ ಸಿಂಗಲ್ ವಿಷನ್ ಗ್ಲಾಸು, ಹೆಲ್ಮೆಟ್ ಒಳಗೆ ಹೋಗೋ ಹಾಗೆ ತೆಳ್ಳಗಿನ ನೇರ ಕಡ್ಡಿ, ಎರಡೂವರೆ ಸಾವಿರ ಆಗಿರ್ಬೇಕು. ಹತ್ತಿರದ ಮೀಟರ್ ಸರಿಯಾಗಿ ಕಾಣಲ್ಲ, ಆದ್ರೆ ಒಂದೇ ಗೇರಲ್ಲಿ ಹೋಗೋನಿಗೆ ಮೀಟರ್ ಯಾಕೆ? ನಾನು ಹಾಕಿದ ದುಡ್ಡಲ್ಲಿ ಇಷ್ಟು ಕೆಲಸಕ್ಕೆ ಬಂದಿದ್ದು ಬೇರೆ ಯಾವ್ದೂ ಇಲ್ಲ.

ಟೈರ್ ಪ್ರೆಶರ್ ಜೊತೆ ಒಂದು ದಿನ ಪೂರ್ತಿ ಆಟ ಆಡಿದೀನಿ, ಮುಂದೆ 26, 28, 30 ಪಿಎಸ್‌ಐ, ಹಿಂದೆ ಎರಡೆರಡು ಜಾಸ್ತಿ. ನನ್ನ ಸ್ಪೀಡಿಗೆ ಟೈಮಲ್ಲಿ ಒಂದು ಸೆಕೆಂಡೂ ಆಚೀಚೆ ಆಗಲಿಲ್ಲ, ಸ್ಕೂಲವರು ಹೇಳಿದ್ದು ಹಾಕಿ ಸುಮ್ನಿರಿ. ಪೆಟ್ರೋಲ್ ಟ್ಯಾಂಕಿನ ಪಕ್ಕಕ್ಕೆ ಅಂಟಿಸೋ ಟ್ಯಾಂಕ್ ಗ್ರಿಪ್ ಮಾತ್ರ ಹಾಕಿಸ್ಲೇಬೇಕು, ಹೊರಗಾಲಿನ ಮಂಡಿ ಟ್ಯಾಂಕಿಗೆ ಲಾಕ್ ಆದ್ರೆ ಕೈ ತಾನಾಗೇ ಸಡಿಲ ಆಗುತ್ತೆ. ಅದಕ್ಕೆ ಸೊಂಟದ ಕೀಲು ಬಿಚ್ಚಿರ್ಬೇಕು. ನಮ್ಮೂರಲ್ಲಿ ಯೋಗ ಕಲಿಸೋರಿಗೇನು ಬರ, ಮಾಲಾಸನ (ಕುಕ್ಕುರುಗಾಲಲ್ಲಿ ಕೂರೋದು) ದಿನಾ ಐದು ನಿಮಿಷ, ಗೋಡೆಗೆ ಒರಗಿ ಕುರ್ಚಿ ಕೂತ ಹಾಗೆ ಒಂದೆರಡು ನಿಮಿಷ, ಮೂರು ತಿಂಗಳಲ್ಲಿ ಸೀಟಲ್ಲಿ ಪಕ್ಕಕ್ಕೆ ಜರುಗೋದು ಸಲೀಸಾಯ್ತು. ಇನ್ನೊಂದು ಆಸನನೂ ಇದೆ, ಎದುರಿಗೆ ಸಿಕ್ಕಿದ್ರೆ ತೋರಿಸ್ತೀನಿ. ಚಾಮುಂಡಿ ಬೆಟ್ಟದ ರೋಡಲ್ಲಿ ಮಾತ್ರ ಯಾರೂ ಪ್ರಾಕ್ಟೀಸ್ ಮಾಡೋಕೆ ಹೋಗ್ಬೇಡಿ, ಕೋತಿ, ಬಸ್ಸು, ವಾಕಿಂಗ್ ಬರೋ ಜನ.

ದುಡ್ಡಿನ ವಿಷಯ. ಸ್ವಂತ ಗಾಡಿನ ಪಿಕಪ್‌ನಲ್ಲಿ ಹಾಕ್ಕೊಂಡು ಹೋಗಿ ಬರೋಕೆ ಇಪ್ಪತ್ತು ಸಾವಿರ ಹತ್ರ, ಅದೂ ಅಲ್ದೆ ನಮ್ಮ ಗಾಡಿ ಇನ್ಶೂರೆನ್ಸ್ ರೇಸಿಂಗು ಸ್ಪೀಡ್ ಟೆಸ್ಟಿಂಗಿಗೆ ನಡೆಯಲ್ಲ, ಪಾಲಿಸಿಲೇ ಬರೆದಿರುತ್ತೆ ಓದಿ. ಅದಕ್ಕೆ ಈಗ ಮಧ್ಯಾಹ್ನದ ಶತಾಬ್ದಿ ಹಿಡಿದು ಚೆನ್ನೈಗೆ ಹೋಗಿ ಸ್ಕೂಲ್ ಗಾಡಿಲೇ ಓಡಿಸ್ತೀನಿ, ಬಿದ್ರೆ ಡ್ಯಾಮೇಜ್ ಎಷ್ಟು ಅಂತ ಮೊದಲೇ ಬರೆಸ್ಕೋತೀನಿ. ಲೆದರ್ ಸೂಟ್ ಬಾಡಿಗೆದು ಬೇಡ, ಅಳತೆ ಕೊಟ್ಟು ಹೊಲಿಸಿ, ನಂದು ನಲವತ್ತು ಸಾವಿರ ಚಿಲ್ರೆ ಆಯ್ತು. ಅಳತೆ ಕೊಡುವಾಗ ನೆಟ್ಟಗೆ ನಿಂತು ಕೊಡ್ಬೇಡಿ, ಗಾಡಿ ಮೇಲೆ ಬಗ್ಗಿ ಕೂತು ಕೊಡಿ.

ಮುಂದಿನದು ಕೊಯಮತ್ತೂರಿನ ಕರಿ ಸ್ಪೀಡ್‌ವೇ, 2.1 ಕಿಲೋಮೀಟರ್, ಸಣ್ಣ ಟ್ರ್ಯಾಕು, ಅಲ್ಲಿ ಮೂರನೇ ಗೇರಲ್ಲಿ ಇದನ್ನೇ ಮಾಡಿ ನೋಡ್ಬೇಕು. ಮೈಸೂರಿಂದ ಹತ್ರ ಆಗೋದ್ರಿಂದ ಈ ಸಲ ನನ್ನ ಗಾಡಿನೇ ಪಿಕಪ್‌ಗೆ ಹಾಕೋದು, ಇನ್ನೊಂದು ಗಾಡಿಗೆ ಜಾಗ ಇದೆ. ದಾರೀಲಿ ಬರೋ ದಿಂಬಂ ಘಾಟಲ್ಲಿ ರಾತ್ರಿ ಗಾಡಿ ಬಿಡಲ್ಲ, ಹಗಲಲ್ಲೇ ದಾಟ್ಬೇಕು. ಬರೋರಿದ್ರೆ ಹೇಳಿ, ಬಾಡಿಗೆ ಅರ್ಧ ಅರ್ಧ.