ಗಾಳಿಯ ದಿಕ್ಕಿಗೆ ಬಣ್ಣ ಕೊಡುವುದು ಹೇಗೆ?

ಡೇಟಾವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂ ತಂತ್ರಾಂಶದಲ್ಲಿ ಗಾಳಿಯ ನಕ್ಷೆ ಮಾಡುವವರು ಬಹುತೇಕ ವೇಗಕ್ಕೇ ಬಣ್ಣ ಕೊಡುತ್ತಾರೆ. ಮುಂಗಾರಿನ ಮಟ್ಟಿಗೆ ಅದು ಸಾಲದು. ಅರಬ್ಬಿ ಸಮುದ್ರದ ಮೇಲೆ ಜುಲೈನಲ್ಲಿ ನೈಋತ್ಯದಿಂದ ಬೀಸುವ ಗಾಳಿ ಜನವರಿಯಲ್ಲಿ ಈಶಾನ್ಯದಿಂದ ಬೀಸುತ್ತದೆ. ಈ ತಿರುವು ಕಾಣಬೇಕಾದರೆ ಬಣ್ಣ ದಿಕ್ಕನ್ನು ಹೇಳಬೇಕು.

ಮೊದಲು ಡೇಟಾ. ಹಿಂದಿನ ಹವಾಮಾನದ ದಾಖಲೆಯಾದ ಯುರೋಪಿನ ಇಆರ್‌ಎ5 ಉಚಿತವಾಗಿ ಸಿಗುತ್ತದೆ, 1940ರಿಂದ ಇದೆ. ಜುಲೈ, ಜನವರಿ ತಿಂಗಳ ಸರಾಸರಿ ಸಾಕು. 850 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದ, ಅಂದರೆ ಸುಮಾರು ಒಂದೂವರೆ ಕಿ.ಮೀ. ಎತ್ತರದ, 'ಯು' ಮತ್ತು 'ವಿ' ಇಳಿಸಿಕೊಳ್ಳಿ. 'ಯು' ಪೂರ್ವದ ಕಡೆಗಿನ ವೇಗ, 'ವಿ' ಉತ್ತರದ ಕಡೆಗಿನದು. ಫೈಲ್ ತೆರೆದ ಕೂಡಲೇ 'ಸ್ಫೆರಿಕಲ್ ಕೋಆರ್ಡಿನೇಟ್ಸ್' ಟಿಕ್ ತೆಗೆದುಬಿಡಿ. ಇಲ್ಲದಿದ್ದರೆ ನಕ್ಷೆ ಗೋಳವಾಗುತ್ತದೆ, ಬಾಣಗಳು ಮಾತ್ರ ಅದಕ್ಕೆ ತಕ್ಕಂತೆ ತಿರುಗುವುದಿಲ್ಲ.

ಕ್ಯಾಲ್ಕ್ಯುಲೇಟರ್ ಫಿಲ್ಟರ್‌ನಲ್ಲಿ ಎರಡನ್ನೂ ಸೇರಿಸಿ ವೇಗ, ದಿಕ್ಕು ಎರಡೂ ಇರುವ ಒಂದು ವೆಕ್ಟರ್ ಮಾಡಿ. ಆಮೇಲೆ ಪೈಥಾನ್ ಕ್ಯಾಲ್ಕ್ಯುಲೇಟರ್. ಅಲ್ಲಿ ಕೋನ ಲೆಕ್ಕ ಹಾಕುವ 'ಆರ್ಕ್‌ಟ್ಯಾನ್2' ಫಂಕ್ಷನ್‌ಗೆ ಮೊದಲು 'ವಿ', ನಂತರ 'ಯು' ಕೊಟ್ಟು, ರೇಡಿಯನ್‌ನಲ್ಲಿ ಬಂದದ್ದನ್ನು ಡಿಗ್ರಿ ಮಾಡಲು 57.2958ರಿಂದ ಗುಣಿಸಿ. –180ರಿಂದ 180 ಡಿಗ್ರಿವರೆಗಿನ ಕೋನ ಸಿಗುತ್ತದೆ. ಸೊನ್ನೆ ಅಂದರೆ ಗಾಳಿ ಪೂರ್ವಕ್ಕೆ ಹೋಗುತ್ತಿದೆ, 90 ಅಂದರೆ ಉತ್ತರಕ್ಕೆ.

ಎಡವುವುದು ಇಲ್ಲೇ. 180 ಮತ್ತು –180 ಎರಡೂ ಒಂದೇ ದಿಕ್ಕು, ಪಶ್ಚಿಮ. ನೀಲಿಯಿಂದ ಕೆಂಪಿಗೆ ಹೋಗುವ ಮಾಮೂಲಿ ಬಣ್ಣಪಟ್ಟಿ ಹಾಕಿದರೆ ಒಂದೇ ಗಾಳಿ ಇಲ್ಲಿ ನೀಲಿ, ಪಕ್ಕದಲ್ಲೇ ಕೆಂಪು! ಶುರುವಾದ ಬಣ್ಣದಲ್ಲೇ ಮುಗಿಯುವ ಪಟ್ಟಿ ಬೇಕು. 'ಎಚ್‌ಎಸ್‌ವಿ' ಅಂಥದ್ದು, ಸ್ವಲ್ಪ ಕಣ್ಣು ಕುಕ್ಕುತ್ತದೆ ಅಷ್ಟೇ. ವ್ಯಾಪ್ತಿಯನ್ನು –180ರಿಂದ 180 ಎಂದು ಕೈಯಾರೆ ಕೊಡಿ. ತಂತ್ರಾಂಶ ತಾನಾಗಿ ಆರಿಸಿದ ವ್ಯಾಪ್ತಿಯಲ್ಲಿ ಜುಲೈ, ಜನವರಿಯ ಬಣ್ಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಇಷ್ಟಾದರೂ ಪಶ್ಚಿಮಕ್ಕೆ ಬೀಸುವ ಗಾಳಿಯ ನಡುವೆ ಕಾಮನಬಿಲ್ಲಿನಂಥ ತೆಳು ಗೆರೆ ಕಾಣಬಹುದು. 179 ಮತ್ತು –179ರ ಸರಾಸರಿ ಸೊನ್ನೆ, ಅಂದರೆ ನೇರ ಪೂರ್ವ! ಬಿಂದುಗಳ ನಡುವೆ ತಂತ್ರಾಂಶ ಸುಮ್ನೆ ಇದೇ ಲೆಕ್ಕ ಹಾಕುತ್ತಿರುತ್ತದೆ. 'ಇಂಟರ್‌ಪೊಲೇಟ್ ಸ್ಕೇಲರ್ಸ್ ಬಿಫೋರ್ ಮ್ಯಾಪಿಂಗ್' ಆಫ್ ಮಾಡಿದರೆ ಕೋನದ ಬದಲು ಬಣ್ಣಗಳೇ ಬೆರೆಯುತ್ತವೆ, ಗೆರೆ ಹೋಗುತ್ತದೆ. ಇದೇ ಕಾರಣಕ್ಕೆ, ಡೇಟಾವನ್ನು ಸೆಲ್‌ನಿಂದ (ಜಾಲದ ಚೌಕ) ಪಾಯಿಂಟ್‌ಗೆ (ಅದರ ಮೂಲೆ) ಬದಲಿಸುವುದಿದ್ದರೆ ಕೋನ ತೆಗೆಯುವ ಮೊದಲೇ ಬದಲಿಸಿ.

ಬಾಣ ಬೇಕಿದ್ದರೆ ಗ್ಲಿಫ್ ಫಿಲ್ಟರ್ ಹಾಕಿ. ಒಂದೊಂದು ಬಾಣಕ್ಕೂ ಒಂದೇ ಬಣ್ಣ, ಹಾಗಾಗಿ ಅಲ್ಲಿ ಗೆರೆಯ ತಂಟೆ ಇಲ್ಲ. ಗಾಳಿ ತೀರಾ ಕಡಿಮೆ ಇರುವಲ್ಲಿ ದಿಕ್ಕಿಗೆ ಅರ್ಥ ಕಡಿಮೆ. ಸೆಕೆಂಡಿಗೆ 2 ಮೀಟರ್‌ಗಿಂತ ಕೆಳಗಿನದನ್ನು ಥ್ರೆಶೋಲ್ಡ್ ಫಿಲ್ಟರ್‌ನಿಂದ ತೆಗೆಯುವುದು ನನಗೆ ಸರಿ ಕಾಣುತ್ತದೆ.

ಹವಾಮಾನದವರು ಗಾಳಿ ಎಲ್ಲಿಂದ ಬರುತ್ತದೆ ಎಂದು ಹೇಳುತ್ತಾರೆ, ಎಲ್ಲಿಗೆ ಹೋಗುತ್ತದೆ ಎಂದಲ್ಲ. ನಕ್ಷೆ ಅವರಿಗಾದರೆ 270ರಿಂದ ನಿಮ್ಮ ಕೋನ ಕಳೆಯಿರಿ. ಬಂದ ಸಂಖ್ಯೆ 360 ದಾಟಿದರೆ ಅದರಿಂದ 360 ಕಳೆದು, ವ್ಯಾಪ್ತಿಯನ್ನು 0ರಿಂದ 360ಕ್ಕೆ ಬದಲಿಸಿ.